ಗೆದ್ದವನ ಕೈಯಲ್ಲಿದ್ದ ಬ್ರಷ್

ಇಯರ್‌ಫೋನ್ ಹಾಕಿಕೊಂಡು ಬಸ್ಸಲ್ಲಿ ಮರವೂರು ಸೇತುವೆ ದಾಟುತ್ತಾ ಇದ್ದರೆ ಒಮ್ಮೆ ಕೆಳಗೆ ನೋಡಿ. ಅದು ಫಲ್ಗುಣಿ, ಗುರುಪುರ ನದಿ. ಅದೇ ನೀರು ಬೋಳೂರಿಗೆ ತಲುಪಿದಾಗ ದಡದಲ್ಲಿ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿ ಇದೆ. ನಾವೆಲ್ಲ ರೀಲ್ಸ್ ಮಾಡುವ ಜಾಗ. 1784ರಲ್ಲಿ ಟಿಪ್ಪು ಅದನ್ನು ಕಟ್ಟಿಸಿದ್ದು ಯುದ್ಧನೌಕೆಗಳು ನದಿಯೊಳಗೆ ನುಗ್ಗಬಾರದು ಅಂತ. ಆ ಹೆದರಿಕೆಗೆ ಕಾರಣವೂ ಇತ್ತು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ನಾಶ ಮಾಡಿ ಹೋಗಿದ್ದ.

ಆಗ ಕ್ಯಾಮೆರಾ ಇರಲಿಲ್ಲ. ಹಾಗಾದರೆ ಮೈಸೂರು ಯುದ್ಧಗಳ ಕಾಲದ ನಮ್ಮ ಊರುಗಳ ಚಿತ್ರಗಳು ಗೂಗಲ್‌ನಲ್ಲಿ ಅಷ್ಟು ಸಿಗುವುದು ಹೇಗೆ? ಅವುಗಳಲ್ಲಿ ತುಂಬಾ ಚಿತ್ರ ಬಿಡಿಸಿದ್ದು ಯುದ್ಧಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳೇ. ಜಲವರ್ಣ ಅವರಿಗೆ ಬರೀ ಹವ್ಯಾಸ ಅಲ್ಲ, ಕೆಲಸದ ಭಾಗ. ಇಂಗ್ಲೆಂಡಿನ ವುಲಿಚ್ ಮಿಲಿಟರಿ ಅಕಾಡೆಮಿಯಲ್ಲಿ ಪಾಲ್ ಸ್ಯಾಂಡ್‌ಬಿ ಎಂಬ ದೊಡ್ಡ ಕಲಾವಿದ 1768ರಿಂದ ಡ್ರಾಯಿಂಗ್ ಮೇಷ್ಟ್ರು. ಕೋಟೆಯ ಗೋಡೆ ಎಲ್ಲಿ ತಗ್ಗಿದೆ, ಫಿರಂಗಿ ಎಲ್ಲಿ ಇಡಬಹುದು, ಇದೆಲ್ಲ ಕಾಗದದ ಮೇಲೆ ಬರಬೇಕಿತ್ತು. ನೌಕಾಪಡೆಯವರೂ ಹಡಗಿನಿಂದ ಕಾಣುವ ಕರಾವಳಿಯ ಗುಡ್ಡಸಾಲನ್ನು ಬಿಡಿಸಿಕೊಳ್ಳುತ್ತಿದ್ದರು. ಮುಂದೆ ಬರುವ ಹಡಗಿಗೆ ಗುರುತು ಹಿಡಿಯಲು.

ಇಬ್ಬರ ಹೆಸರು ನೆನಪಿಡಿ. ಒಬ್ಬ ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್. ಬೆಂಗಳೂರಿನ ಟಿಪ್ಪು ಅರಮನೆ, ಹೊಸಕೋಟೆಯ ಬೀದಿ, ಎಲ್ಲ ಬಿಡಿಸಿದ. 1792ರಲ್ಲಿ ತೀರಿಕೊಂಡ. ಲಂಡನ್‌ನಲ್ಲಿ ಅವನ ಚಿತ್ರಗಳನ್ನು ತಾಮ್ರದ ಹಾಳೆಯಲ್ಲಿ ಕೆತ್ತಿ, ಅಚ್ಚು ಹಾಕಿ, ಬಣ್ಣ ತುಂಬಿ 1805ರಲ್ಲಿ ಪುಸ್ತಕ ಮಾಡಿದರು. ಇನ್ನೊಬ್ಬ ರಾಬರ್ಟ್ ಕೋಲ್‌ಬ್ರೂಕ್. ಅವನು ಸರ್ವೇಯರ್. ಶ್ರೀರಂಗಪಟ್ಟಣ ಮತ್ತು ಹೈದರನ ಸಮಾಧಿ ಅವನ ಚಿತ್ರಗಳಲ್ಲಿವೆ. 1794ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆದ. ನಕ್ಷೆ ಮಾಡುವ ಕೈಯೇ ಚಿತ್ರವನ್ನೂ ಮಾಡಿತು.

ಚಿತ್ರಗಳು ಚಂದ ಇವೆ ಮಾರ್ರೆ, ಸುಳ್ಳು ಹೇಳುವುದಿಲ್ಲ. ಶಾಂತ ಆಕಾಶ, ಮರ, ಮಂಟಪ. ಆದರೆ ನಾನು ಬಿಕಾಂ ಓದಿದವನು. ವ್ಯಾಪಾರದಲ್ಲಿ ಒಂದೇ ಪಾರ್ಟಿ ಬರೆದ ಲೆಕ್ಕವನ್ನು ತಾಳೆ ನೋಡದೆ ಒಪ್ಪುವ ಹಾಗಿಲ್ಲ.

ಇನ್ನೊಂದು ಪುಸ್ತಕ ಇದೆಯಾ? ಇದೆ, ಗೋಡೆಯ ಮೇಲೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಅಲ್ಲಿ ಸೋತವರು ಬ್ರಿಟಿಷರು. ಅವರ ಮದ್ದುಗುಂಡಿನ ಗಾಡಿ ಸ್ಫೋಟಿಸುತ್ತಿದೆ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ತಮಾಷೆ ಏನು ಗೊತ್ತುಂಟಾ? 1850ರ ದಶಕದಲ್ಲಿ ಅದನ್ನು ಮತ್ತೆ ಬಿಡಿಸಲು ಆದೇಶ ಕೊಟ್ಟದ್ದು ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ. ಅಂದರೆ ಈ ಕಡೆಯ ಲೆಕ್ಕವೂ ಆ ಕಡೆಯವರ ಕೈ ದಾಟಿ ಬಂದದ್ದೇ.

ಇನ್ನು "ಈ ಕಡೆ" ಅಂದರೆ ಯಾರು? ಬತ್ತೇರಿ ಕಟ್ಟಿದ ಅದೇ 1784ರಲ್ಲಿ ಟಿಪ್ಪು ಈ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ದಾರಿಯಲ್ಲೇ ಎಷ್ಟೋ ಜನ ಸತ್ತರು. ನಮ್ಮ ಬಜಪೆಯ ಅಕ್ಕಪಕ್ಕದ ಮನೆಗಳಲ್ಲೂ ಆ ನೆನಪು ಇನ್ನೂ ಇದೆ. ಆ ನಡಿಗೆ ಹಂಟರನ ಪುಸ್ತಕದಲ್ಲೂ ಇಲ್ಲ, ದರಿಯಾ ದೌಲತ್‌ನ ಗೋಡೆಯಲ್ಲೂ ಇಲ್ಲ.

ಹಾಗಾಗಿ ಮುಂದಿನ ಸಲ ವಾಟ್ಸಾಪ್‌ನಲ್ಲಿ "ನಿಜವಾದ ಇತಿಹಾಸ" ಅಂತ ಹಳೇ ಚಿತ್ರ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಇದನ್ನು ಬಿಡಿಸಿದವನು ಎಲ್ಲಿ ನಿಂತಿದ್ದ? ಅವನಿಗೆ ಕಾಣದೇ ಇದ್ದದ್ದು ಯಾರು?

ನಿಮ್ಮ ಮನೆಯ ಹಿರಿಯರ ಹತ್ತಿರ ಆ ಕಾಲದ ಕಥೆ ಇದ್ದರೆ ಇವತ್ತೇ ಕೂತು ಕೇಳಿ, ಫೋನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಎಪಿಸೋಡಲ್ಲಿ ಸಿಗುವ.