ಬರಡೆಂಬ ಗುಡ್ಡಕ್ಕೆ ಹಿರಿಯರ ಸಾಕ್ಷಿ

(ಅಣ್ಣಿಗೇರಿಯಲ್ಲಿ ನಿವೃತ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇನ್ನೂ ಮೂವತ್ತು ಮುಟ್ಟದ ನಾನು ನಿಮ್ಮೆದುರು ನಿಂತು ವಯಸ್ಸಾಗುವುದರ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೇ ಸರಿ. ಆದರೆ ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಿಮ್ಮ ವಯಸ್ಸಿನವರೊಬ್ಬರಿಂದ. ಅವರಿಂದ ಕಲಿತದ್ದನ್ನೇ ಇಲ್ಲಿ ಒಪ್ಪಿಸುತ್ತೇನೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ನೆಲದವರಿಗೆ ಗುಡ್ಡವೆಂದರೆ ಅಪರೂಪ. ಕಲಘಟಗಿಯವರಿಗೆ ಮಲೆನಾಡಿನ ಸೆರಗಾದರೂ ಇದೆ. ಉಳಿದವರು ದೊಡ್ಡ ಗುಡ್ಡ ನೋಡಬೇಕೆಂದರೆ ಗದಗಿನ ಕಡೆಗೆ, ಕಪ್ಪತಗುಡ್ಡಕ್ಕೆ ಹೋಗಬೇಕು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯದೇ ಗುಡ್ಡ.

ಮಳೆಗಾಲ ಮುಗಿಯುತ್ತ ಬಂದ ಒಂದು ಮುಂಜಾನೆ ನಿವೃತ್ತ ಮಾಸ್ತರರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ನಾನು ಬಿರಬಿರನೆ ಹತ್ತಿ, ಮೇಲೆ ನಿಂತು ಸುತ್ತಲಿನ ನೋಟದ ನಾಲ್ಕು ಚಿತ್ರ ತೆಗೆದು ಕಾಯುತ್ತ ಕೂತೆ. ಮಾಸ್ತರರು ಬಂದದ್ದು ಮುಕ್ಕಾಲು ತಾಸಿನ ನಂತರ. ಅವರ ಕ್ಯಾಮೆರಾದಲ್ಲಿ ನಾನು ದಾಟಿಬಂದ ದಾರಿಯದೇ ಹೂಗಳಿದ್ದವು. ಉಗುರಿನಷ್ಟು ಅಗಲದ ನೀಲಿ ವಿಷ್ಣುಕ್ರಾಂತಿ, ಬಿಳಿ ತುಂಬೆ, ಹಳದಿ ಆವರಿಕೆ, ಬೆಂಕಿಯ ನಾಲಗೆಯಂಥ ಗೌರಿ ಹೂವು. ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ನಕ್ಕು ಅಂದರು: 'ತಮ್ಮಾ, ನನಗ ಮೊಣಕಾಲು ಹಿಡೀತಾವ. ಅದಕ್ಕ ಕುಂತು ಕುಂತು ಬಂದೆ. ಕುಂತಲ್ಲೆಲ್ಲ ಒಂದೊಂದು ಹೂವು ಸಿಕ್ತು.'

ಒಣ ನಾಡಿನ ಗುಡ್ಡದ ಸ್ವಭಾವವೇ ಹಾಗೆ. ಅದು ವರ್ಷವೆಲ್ಲ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನೋಡಿದರೆ ಕಲ್ಲು, ಒಣಹುಲ್ಲು, ಎಲೆಯುದುರಿದ ಮರ. ಫೆಬ್ರುವರಿ ಮಾರ್ಚಿನಲ್ಲಿ ಮುತ್ತಲ ಕೆಂಪಾಗುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಕಕ್ಕೆ ಹಳದಿಯಾಗುತ್ತದೆ. ನೆಲದ ಸಣ್ಣ ಗಿಡಗಳು ಮಾತ್ರ ಮಳೆಗಾಗಿ ಕಾಯುತ್ತವೆ. ನಿಜವಾದ ಮರುಭೂಮಿಯಲ್ಲಿ ಈ ಕಾಯುವಿಕೆ ಇನ್ನೂ ದೀರ್ಘ. ಅಮೆರಿಕದ ಡೆತ್ ವ್ಯಾಲಿಯಲ್ಲಿ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತವೆ. ಮೊಳಕೆಯನ್ನು ತಡೆಯುವ ರಾಸಾಯನಿಕ ತೊಳೆದುಹೋಗುವಷ್ಟು ಮಳೆ ಬಿದ್ದರೆ ಮಾತ್ರ ಅವು ಏಳುತ್ತವೆ. 2005ರಲ್ಲಿ ಮತ್ತು 2016ರಲ್ಲಿ ಅಲ್ಲಿನ ಬರಿನೆಲವೆಲ್ಲ ಹೂವಾಗಿತ್ತು.

ಹೂವಿನ ಮಾತು ಬರೀ ಚಂದಕ್ಕಾಗಿ ಅಲ್ಲ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಬಂದು ಹೋದವರು ಇಂಥ ಗುಡ್ಡವನ್ನು 'ಬರಡು' ಎಂದು ಬರೆದುಬಿಡುತ್ತಾರೆ. ಬರಡೆಂದು ಹೆಸರು ಬಿದ್ದ ನೆಲವನ್ನು ಅಗೆಯಲು ಯಾರ ಮನಸ್ಸೂ ಅಳುಕುವುದಿಲ್ಲ. ಕಪ್ಪತಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ, ಚಿನ್ನವಿದೆ. 2015ರ ಕೊನೆಯಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಆಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, ಧಾರವಾಡದ ಎಸ್.ಆರ್. ಹಿರೇಮಠರು, ಸುತ್ತಲಿನ ಊರುಗಳ ಜನ ಬೀದಿಗಿಳಿದರು. 2017ರಲ್ಲಿ ರಕ್ಷಣೆ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಆದರೆ ಒಮ್ಮೆ ಕೊಟ್ಟು ಹಿಂತೆಗೆದುಕೊಂಡದ್ದನ್ನು ಕಂಡ ಮೇಲೆ, ಈ ಗುಡ್ಡ ಬರಡಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಕೈಯಲ್ಲಿ ಇರಲೇಬೇಕು.

ಅಂಥ ಸಾಕ್ಷಿ ಹೇಗಿರುತ್ತದೆ? ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಹೇಸ್ಟಿಂಗ್ಸ್ ಮತ್ತು ಟರ್ನರ್ ಎಂಬಿಬ್ಬರು ಹಳೆಯ ಚಿತ್ರಗಳನ್ನು ಹುಡುಕಿ, ಅವನ್ನು ತೆಗೆದ ಜಾಗದಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಗಿಡ ಹೋಯಿತು, ಯಾವುದು ಬಂತು ಎಂಬುದು ಯಾರಿಗಾದರೂ ಕಾಣುತ್ತದೆ. ಅವರ ಪುಸ್ತಕ ಬಂದದ್ದು 1965ರಲ್ಲಿ. ಟರ್ನರ್ ಅದೇ ಜಾಗಗಳಿಗೆ ಮರಳಿ ಹೋಗಿ, 38 ವರ್ಷಗಳ ನಂತರ, 2003ರಲ್ಲಿ, ಬೇರೆ ಸಂಗಡಿಗರೊಂದಿಗೆ ಮುಂದಿನ ಪುಸ್ತಕ ತಂದರು. ಇಂಥ ಕೆಲಸಕ್ಕೆ ಬೇಕಾದ ಬಂಡವಾಳವೆಂದರೆ ವರ್ಷಗಳು.

ದೂರದ ಮಾತು ಬೇಡವೆಂದರೆ ಕಾರವಾರವಿದೆ. ಅಲ್ಲಿ ಟಿ.ಆರ್. ಬೆಲ್ ಎಂಬ ಅರಣ್ಯಾಧಿಕಾರಿ ಇದ್ದರು. 1920ರಲ್ಲಿ ನಿವೃತ್ತರಾದವರು ತಮ್ಮ ದೇಶಕ್ಕೆ ಹೋಗದೆ ಅಲ್ಲೇ ಉಳಿದರು. ಗಿಡ, ಚಿಟ್ಟೆ, ಪತಂಗಗಳನ್ನು ನೋಡುತ್ತಲೇ ಇದ್ದರು. ಸ್ಕಾಟ್ ಎಂಬವರ ಜೊತೆ ಬರೆದ ಪತಂಗಗಳ ದೊಡ್ಡ ಗ್ರಂಥ 1937ರಲ್ಲಿ ಹೊರಬಂದಾಗ ಬೆಲ್ ಅವರಿಗೆ 74 ವರ್ಷ. ಕಚೇರಿಯ ಕೆಲಸ ಮುಗಿದರೂ ನೋಡುವ ಕೆಲಸ ಮುಗಿದಿರಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟೇ. ಒಂದು ದಾರಿ ಆರಿಸಿಕೊಳ್ಳಿ. ನವಲಗುಂದದ ಗುಡ್ಡವಾದರೂ ಆದೀತು. ಗುರುತಿಗೆ ಒಂದು ಬಂಡೆ ಇಟ್ಟುಕೊಂಡು, ಪ್ರತಿ ವರ್ಷ ಅದೇ ತಿಂಗಳು, ಅದೇ ಕಡೆ ಮುಖ ಮಾಡಿ ಚಿತ್ರ ತೆಗೆಯಿರಿ. ಮೊಬೈಲ್ ಸಾಕು. ತಾರೀಖು, ಜಾಗ, ಹೂವಿಗೆ ನಿಮ್ಮೂರಲ್ಲಿ ಕರೆಯುವ ಹೆಸರು, ಮೂರನ್ನೂ ಬರೆದಿಡಿ. ಆ ಹೆಸರುಗಳು ನಮ್ಮ ಪೀಳಿಗೆಗೆ ಗೊತ್ತಿಲ್ಲ, ನೀವು ಬರೆಯದಿದ್ದರೆ ನಿಮ್ಮೊಂದಿಗೇ ಹೋಗುತ್ತವೆ. ಮುಂಜಾನೆಯೇ ಹೊರಡಿ, ಬಿಸಿಲೇರಿದರೆ ವಿಷ್ಣುಕ್ರಾಂತಿಯ ಹೂವು ಮುಚ್ಚಿಕೊಳ್ಳುತ್ತದೆ. ನೀರು, ಕೋಲು, ಜೊತೆಗೊಬ್ಬರು ಇರಲಿ. ಹುಲ್ಲಿನಲ್ಲಿ ಕೂರುವ ಮುಂಚೆ ಕೋಲಿನಿಂದ ತಡವಿ ನೋಡಿ. ವನ್ಯಜೀವಿ ಧಾಮದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಕೊಂಡು ಹೋಗಿ. ಹೂ ಕೀಳಬೇಡಿ.

ಮಾಸ್ತರರು ಆ ದಿನ ಇಳಿಯುವಾಗಲೂ ಅಲ್ಲಲ್ಲಿ ಕೂತರು. ಈ ಸಲ ನಾನೂ ಅವರ ಪಕ್ಕದಲ್ಲಿ ಕೂತೆ. ನನಗೂ ಎರಡು ಹೂವು ಸಿಕ್ಕವು. ಒಂದರ ಹೆಸರು ಅವರಿಗೆ ಗೊತ್ತಿತ್ತು. ಇನ್ನೊಂದರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಿರಬಹುದೆಂದು ಚಿತ್ರ ತಂದಿದ್ದೇನೆ. ದಯವಿಟ್ಟು ನೋಡಿ ಹೇಳಿ.