ಬಂದವರ ಹಕ್ಕು, ಬಂದ ಊರಿನ ಹಕ್ಕು
(ಜುಮಾ ಪ್ರವಚನದ ಸಾರಾಂಶ)



ಕಳೆದ ತಿಂಗಳು ಜುಮಾ ಮುಗಿದ ಮೇಲೆ ನಡೆದ ಮಾತು ಇದು. ಕಟ್ಟಡ ಕೆಲಸಕ್ಕೆ ಬಂದಿರುವ ಬಿಹಾರದ ನಾಲ್ವರು ಯುವಕರು ಕೊನೆಯ ಸಫ್‌ನಲ್ಲಿ ಕುಳಿತಿದ್ದರು. ಬಟ್ಟೆಗೆ ಸಿಮೆಂಟ್ ಮೆತ್ತಿತ್ತು. ಸಲಾಂ ಹೇಳುವ ಮೊದಲೇ ನಮ್ಮವರೊಬ್ಬರು, "ಯಾವ ಊರು? ಆಧಾರ್ ಇದೆಯಾ?" ಎಂದು ಕೇಳಿದರು. ಅವರು ತಲೆ ತಗ್ಗಿಸಿ ಹೊರಟರು. ಮುಂದಿನ ಶುಕ್ರವಾರ ಬರಲಿಲ್ಲ. ನಾವು ಮಿಹ್ರಾಬಿನ ಬಳಿಯೇ ಇದ್ದೆವು, ತಡೆಯಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಹಾಗಾದರೆ ನಾವು ಯಾರು? ಭದ್ರಾವತಿಯನ್ನೇ ನೋಡಿ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಮುಂದಿನ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ತಮಿಳುನಾಡು, ಆಂಧ್ರ, ಕೇರಳದಿಂದ ಜನ ಕೆಲಸಕ್ಕೆ ಬಂದು ನೆಲೆಸಿದರು. ಶಿವಮೊಗ್ಗದ ನಮ್ಮಲ್ಲೂ ದಖ್ಖನಿ ಮಾತಾಡುವವರಿದ್ದಾರೆ, ಕರಾವಳಿಯ ಬ್ಯಾರಿಗಳಿದ್ದಾರೆ, ಮಲಬಾರಿನವರಿದ್ದಾರೆ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜಂದಿರು ಒಂದು ಟ್ರಂಕು ಹಿಡಿದು ಬಂದವರೇ. ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು, ಅಂಗಡಿಯಲ್ಲಿ ಸಾಲ ಬರೆದುಕೊಂಡವರು ಹಲವು ಕಡೆ ಬೇರೆ ಧರ್ಮದ ನೆರೆಯವರು. ಇಂದು ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಪರವೂರಿನವರು. ಅಲ್ಲಿ ಅವರಿಗೆ ಸಿಗಲಿ ಎಂದು ನಾವು ಬೇಡುವ ಮರ್ಯಾದೆಯನ್ನು ಇಲ್ಲಿ ಬಂದವರಿಗೆ ನಾವೇ ಕೊಡಬೇಡವೇ?

ಮಕ್ಕಾದಿಂದ ಮುಹಾಜಿರರು ಬರಿಗೈಯಲ್ಲಿ ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು (ಸ) ಒಬ್ಬೊಬ್ಬ ಅನ್ಸಾರಿಯ ಜೊತೆ ಒಬ್ಬೊಬ್ಬರಿಗೆ ಸಹೋದರತ್ವ ಬೆಸೆದರು. ಸಅದ್ ಬಿನ್ ರಬೀಅ್ (ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅದನ್ನು ಪಡೆಯದೆ ದುಆ ಮಾಡಿ, ಪೇಟೆಯ ದಾರಿ ಕೇಳಿದರು. ದುಡಿದು ನಿಂತರು. ಇದರಲ್ಲಿ ಇಬ್ಬರಿಗೂ ಪಾಠವಿದೆ. ಊರಿನವರು ಮನಸ್ಸು ತೆರೆಯಬೇಕು. ಬಂದವರು ಊರಿಗೆ ಹೊರೆಯಾಗಬಾರದು, ಉಪಯೋಗವಾಗಬೇಕು.

ಊರಿನ ಹಕ್ಕುಗಳಲ್ಲಿ ಮೊದಲನೆಯದು ಭಾಷೆ. "ಬಯಾನ್ ಕನ್ನಡದಲ್ಲಿ ಯಾಕೆ?" ಎಂದು ಹಿರಿಯರು ಕೆಲವರು ನಮ್ಮನ್ನು ಕೇಳಿದ್ದಾರೆ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳಿಸಿದ್ದಾಗಿ ಅಲ್ಲಾಹನು ಸೂರಃ ಇಬ್ರಾಹೀಮ್‌ನಲ್ಲಿ ತಿಳಿಸಿದ್ದಾನೆ. ಭಾಷೆಗಳ ವೈವಿಧ್ಯ ತನ್ನ ನಿದರ್ಶನಗಳಲ್ಲೊಂದು ಎಂದು ಸೂರಃ ರೂಮ್‌ನಲ್ಲಿ ಹೇಳಿದ್ದಾನೆ. ಹಾಗಿರುವಾಗ ಕನ್ನಡ ನಮಗೆ ಪರಕೀಯವಾಗುವುದು ಹೇಗೆ? ಲೇಖಕಿ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಇದೇ ಶಿವಮೊಗ್ಗದಲ್ಲಿ ಕನ್ನಡ ಶಾಲೆ ಸೇರಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಇತ್ತು. 2025ರಲ್ಲಿ ಅವರ ಕನ್ನಡ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕೆ.ಎಸ್. ನಿಸಾರ್ ಅಹಮದ್ ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. 2006ರಲ್ಲಿ ಇದೇ ಊರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಬ್ಬರೂ ಮುಸ್ಲಿಂ ಹೆಸರು ಬಿಡಲಿಲ್ಲ.

ಉರ್ದು ಬಿಡಿ, ಬ್ಯಾರಿ ಬಿಡಿ ಎಂದು ನಾವು ಹೇಳುತ್ತಿಲ್ಲ. ನಮಾಝ್, ಹಲಾಲ್-ಹರಾಮ್, ಹಯಾ, ಇವುಗಳಲ್ಲಿ ರಾಜಿ ಇಲ್ಲ. ಆದರೆ ಭಾಷೆ, ಊಟ, ನೆರೆಹೊರೆಯ ಸುಖದುಃಖ, ಊರಿನ ಕೆಲಸ, ಇವುಗಳಲ್ಲಿ ದೂರ ನಿಲ್ಲುವುದು ದೀನ್ ಅಲ್ಲ, ನಮ್ಮ ಸೋಮಾರಿತನ. ಕೂಡಲಿಗೆ ಹೋಗಿ ನೋಡಿ. ತುಂಗೆಯೂ ಭದ್ರೆಯೂ ಸೇರಿ ಒಂದೇ ಹೊಳೆಯಾಗುತ್ತವೆ. ಹೆಸರಿನಲ್ಲಿ ಎರಡೂ ಉಳಿದಿವೆ.

ಕಳೆದ ವಾರ ಆ ಯುವಕರ ಶೆಡ್ಡಿಗೆ ಹೋಗಿ ಮಾಫಿ ಕೇಳಿದೆವು. ಅವರು ಚಹಾ ಮಾಡಿಕೊಟ್ಟರು. ಪಕ್ಕದ ಶೆಡ್ಡಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಇನ್ನೂ ಶಾಲೆ ಕಂಡಿಲ್ಲ. ಬರುವ ಭಾನುವಾರದಿಂದ ಮದ್ರಸದಲ್ಲಿ ಅಸರ್ ಬಳಿಕ ಕನ್ನಡ ಕಲಿಸುತ್ತೇವೆ. ಯಾವ ಧರ್ಮದ ಕೂಲಿಯವರ ಮಕ್ಕಳೂ ಬರಬಹುದು. ಕಲಿಸಲು ಇಬ್ಬರು ಬೇಕು. ಆ ಹುಡುಗಿಯನ್ನು ಸರಕಾರಿ ಶಾಲೆಗೆ ಸೇರಿಸಲು ಜೊತೆಗೆ ಬರುವವರೊಬ್ಬರು ಬೇಕು. ನಮಾಝ್ ಬಳಿಕ ಹೆಸರು ಕೊಡಿ.

ಅಲ್ಲಾಹನು ನಮ್ಮ ಹೃದಯಗಳನ್ನು ವಿಶಾಲಗೊಳಿಸಲಿ. ಈ ಊರಿಗೆ ಶಾಂತಿ ನೀಡಲಿ. ಆಮೀನ್.