ಬೆವರು ಆರುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಂದಿನ ಕಾಲದಲ್ಲಿ ಧರ್ಮಕ್ಕೆ ತಪ್ಪದೆ ಬದುಕುವುದು ಹೇಗೆಂದು ಇಸ್ಲಾಂ ಹೇಳುತ್ತದೆ, ಆ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಮಿತಿಯವರು ಕೇಳಿದರು. ನಾನು ಮೌಲ್ವಿಯಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುವವನು. ಕನಕಪುರ, ಮಾಗಡಿ, ಚನ್ನಪಟ್ಟಣದ ರೈತರು ಮಾರುಕಟ್ಟೆಗೆ ತರುವ ಗೂಡನ್ನು ಹರಾಜಿನಲ್ಲಿ ಕೊಂಡು ಹೊಟ್ಟೆ ಹೊರೆಯುವವನು. ಆದ್ದರಿಂದ ಬಿಸಿನೀರಿನ ಬೇಸಿನ್ ಪಕ್ಕದಲ್ಲಿ ಕಲಿತಷ್ಟನ್ನೇ ಹೇಳುತ್ತೇನೆ.

ನಾನು ಈ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದೆ. ಅಕ್ಕನ ಮದುವೆಗೆಂದು ಅಬ್ಬಾ ತಾವು ಕೆಲಸ ಮಾಡುತ್ತಿದ್ದ ಘಟಕದ ಮಾಲೀಕರಿಂದ ಮುಂಗಡ ತಂದಿದ್ದರು. ತೀರಿಸಲಾಗಲಿಲ್ಲ. "ಮಗನನ್ನು ಕಳಿಸು, ಅವನ ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆ" ಎಂದರು ಮಾಲೀಕರು. ಅವರು ಐದು ಹೊತ್ತೂ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದವರು. ನಾನು ಹೋದೆ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ, ತಿಂಗಳೊಳಗೆ ಬೆರಳಿನ ಚರ್ಮ ಸುಲಿಯಿತು.

ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿ ನೋಡಿ ನಮ್ಮ ಮೇಷ್ಟ್ರು ಮನೆಗೇ ಬಂದರು. ಅಬ್ಬಾ ತಲೆ ತಗ್ಗಿಸಿ ಕೂತರು. ಮೇಷ್ಟ್ರು ಹೋದ ಮೇಲೆ ಮಸೀದಿಯ ಹಜರತ್ತರ ಬಳಿಗೆ ನನ್ನನ್ನೂ ಕರೆದುಕೊಂಡು ಹೋದರು. ಹಜರತ್ತರು ನನ್ನ ಕೈ ನೋಡಿ ಹೇಳಿದರು: "ಸಾಲ ನಿಮ್ಮದು, ತೀರಿಸಲೇಬೇಕು. ಆದರೆ ಸಾಲಗಾರ ಕಷ್ಟದಲ್ಲಿದ್ದರೆ ಕೈ ಸಡಿಲಾಗುವವರೆಗೆ ಅವಕಾಶ ಕೊಡಿ ಅಂತ ಕುರಾನ್ ಹೇಳುತ್ತೆ. ಅವನ ಮಗನನ್ನು ಹಿಡಿದುಕೊಳ್ಳಿ ಅಂತ ಎಲ್ಲೂ ಹೇಳಿಲ್ಲ." ಆಮೇಲೆ ತಾವೇ ಎದ್ದು ಮಾಲೀಕರ ಮನೆಗೆ ಬಂದರು. ಒಂದು ವರ್ಷದ ಗಡುವು ಸಿಕ್ಕಿತು. ಮಾರನೆಯ ದಿನ ನಾನು ಶಾಲೆಗೆ ಬಂದೆ. ಸಾಲಕ್ಕೆ ಮನುಷ್ಯನನ್ನು ಜೀತಕ್ಕಿಡುವುದನ್ನು 1976ರಲ್ಲೇ ಕಾನೂನು ನಿಷೇಧಿಸಿತ್ತು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ.

ಇದು ಬೇರೊಬ್ಬರ ತಪ್ಪಿನ ಕತೆಯಾಯಿತು. ನನ್ನದನ್ನೂ ಹೇಳಬೇಕು. ನಾನೇ ಘಟಕ ಹಾಕಿದ ಮೇಲೆ ಒಬ್ಬ ಹೆಣ್ಣುಮಗಳಿಗೆ ಮುಂಗಡ ಕೊಟ್ಟಿದ್ದೆ. ಆಕೆಗೆ ಕಾಯಿಲೆಯಾಯಿತು. "ಅಣ್ಣಾ, ನಾನು ಏಳೋವರೆಗೂ ಇವನು ಮಾಡ್ತಾನೆ" ಎಂದು ಹನ್ನೆರಡರ ಹುಡುಗನನ್ನು ಬಿಟ್ಟುಹೋದಳು. ನಾನು ಬೇಡವೆನ್ನಲಿಲ್ಲ. ಕೈಯಲ್ಲಿ ಆರ್ಡರ್ ಇತ್ತು. ಎರಡು ದಿನ ಸುಮ್ಮನಿದ್ದೆ, ಹೊತ್ತು ಹೊತ್ತಿಗೆ ನಮಾಜೂ ಮಾಡಿದೆ. ಮೂರನೆಯ ದಿನ ಹುಡುಗ ಬೆರಳನ್ನು ಬಾಯಿಗಿಟ್ಟು ಊದಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಅಂದೇ ಅವನನ್ನು ಶಾಲೆಗೆ ಕಳಿಸಿದೆ, ತಾಯಿಯ ಮುಂಗಡವನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿದೆ. ಆದರೆ ಆ ಎರಡು ದಿನಕ್ಕೆ ನಾನು ದೇವರಿಗೆ ಉತ್ತರ ಕೊಡಬೇಕು.

ಕಾಲ ಬದಲಾಗಿದೆ, ಪ್ರಶ್ನೆಗಳು ಹಳೆಯವೇ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂದು ಪ್ರವಾದಿಯವರು ಹೇಳಿದ್ದಾರೆ. ಹಿಂದೆ ಚಿಲ್ಲರೆಯಿಲ್ಲ ಎಂಬ ನೆಪವಿತ್ತು. ಈಗ ಫೋನಿನಲ್ಲಿ ಗಳಿಗೆಯಲ್ಲಿ ಹಣ ಹೋಗುತ್ತದೆ, ಆ ನೆಪವೂ ಇಲ್ಲ. ಮದೀನಾದ ಪೇಟೆಯಲ್ಲಿ ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಅಡಿಯಲ್ಲಿ ಒದ್ದೆಯಿತ್ತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದು ವ್ಯಾಪಾರಿಗೆ ಬುದ್ಧಿ ಹೇಳಿದರು. ರೇಷ್ಮೆ ಲಡಿಯಲ್ಲಿ ತೇವ ಉಳಿಸಿದರೆ ತೂಕ ಹೆಚ್ಚುತ್ತದೆಂದು ಬಲ್ಲ ನಮ್ಮ ಕಸುಬಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳೇ, ನಿಮ್ಮ ಕೈಯಲ್ಲಿರುವ ಫೋನಿನ ಬಗ್ಗೆಯೂ ಒಂದು ಮಾತು. ಯಾರಾದರೂ ಸುದ್ದಿ ತಂದರೆ ಮೊದಲು ವಿಚಾರಿಸಿ, ಇಲ್ಲದಿದ್ದರೆ ತಿಳಿಯದೆ ಒಂದು ಜನಕ್ಕೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಎಂದು ಕುರಾನ್ ಎಚ್ಚರಿಸುತ್ತದೆ. ಗೌಡರ ಹೊಲದ ಗೂಡು, ಸಾಹೇಬರ ಬೇಸಿನ್ನು, ಇಬ್ಬರ ಮನೆಯ ಅನ್ನವೂ ಒಂದೇ ಎಳೆಯಲ್ಲಿದೆ. ರಾತ್ರಿ ಹನ್ನೊಂದಕ್ಕೆ ಬಂದ ಒಂದು ಮೆಸೇಜು ಆ ಎಳೆ ಕಡಿಯದಿರಲಿ. ಜೂಜನ್ನೂ ಇಸ್ಲಾಂ ನಿಷೇಧಿಸಿದೆ. ಫೋನಿನಲ್ಲಿ ಆಡಿದರೂ ಅದು ಜೂಜೇ.

ಕುರಾನಿನಲ್ಲಿ ಮೊದಲು ಇಳಿದ ಮಾತು "ಓದು" ಎಂಬುದು. ನನ್ನನ್ನು ಆ ಮಾತಿಗೆ ಮರಳಿ ತಂದವರು ಹಜರತ್ತರು ಮತ್ತು ನಮ್ಮ ಮೇಷ್ಟ್ರು, ಇಬ್ಬರೂ. ಇಂದು ಹಾಜರಿ ಕೂಗುವ ಗುರುಗಳಲ್ಲಿ ನನ್ನದೊಂದೇ ಬೇಡಿಕೆ. ಒಂದು ಹೆಸರಿಗೆ ಉತ್ತರ ಬರದಿದ್ದರೆ ದಯವಿಟ್ಟು ಆ ಮನೆಗೆ ಒಮ್ಮೆ ಹೋಗಿ ಬನ್ನಿ.